ಹೌದು, ನಮ್ಮ ಮನೇಲಿ ಹಮ್ಮಸ್ ಮಾಡಿದ್ವಿ



ಹೋದ ಭಾನುವಾರ ಒಂದು ಫೋಟೋ ಹಾಕಿದ್ದೆ. ಸ್ಟೀಲ್ ತಟ್ಟೆಯಲ್ಲಿ ಎರಡು ರಾಗಿ ರೊಟ್ಟಿ, ಪಕ್ಕದಲ್ಲಿ ಕಡುಗುಲಾಬಿ ಬಣ್ಣದ ಗಟ್ಟಿ ಚಟ್ನಿಯಂಥದ್ದು. ಕೆಳಗೆ ‘ಬೀಟ್ರೂಟ್ ಹಮ್ಮಸ್, ಮನೇಲೇ ಮಾಡಿದ್ದು, ಖರ್ಚು 50 ರೂಪಾಯಿ ಒಳಗೆ’ ಅಂತ ಬರೆದಿದ್ದೆ. ಅಷ್ಟೇ. ತಾಲೂಕು ಕಚೇರಿ ಮುಂದೆ ಬಿಸಿಲಲ್ಲಿ ಧರಣಿ ಕೂತ ಫೋಟೋ ಹಾಕಿದಾಗ ಬರದಷ್ಟು ಕಮೆಂಟು ಆ ತಟ್ಟೆಗೆ ಬಂತು.

ಇಪ್ಪತ್ತು ವರ್ಷದಿಂದ ಜೊತೆಗೆ ಹೋರಾಟ ಮಾಡಿಕೊಂಡು ಬಂದ ಅಣ್ಣ ಒಬ್ಬರು, ‘ಏನ್ ತಂಗಿ, ನೀನೂ ಮೇಲಿನೋರ ಊಟಕ್ಕೆ ಇಳಿದ್ಯಾ? ನಮ್ಮ ಬಾಡು ಎಲ್ಲಿಗೆ ಹೋಯ್ತು?’ ಅಂದ್ರು. ಒಬ್ಬ ಹುಡುಗ ‘ಇದೆಲ್ಲ ಬೂಸಾ ಅಕ್ಕ’ ಅಂತ ಬರೆದ. (ಆ ಪದವನ್ನ ನಮ್ಮ ಚಳವಳಿಯೋರು ಸುಮ್ಮನೆ ಬಳಸಬಾರದಪ್ಪ. 1973ರಲ್ಲಿ ಆ ಒಂದು ಮಾತಿಗೆ ಬಿ. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯ್ತು, ನಮ್ಮ ಹಾಸ್ಟೆಲ್ ಹುಡುಗರು ಒದೆ ತಿಂದರು. ಓದಿಕೋ.) ಮತ್ತೊಬ್ಬರು ಇದು ದೊಡ್ಡ ದೊಡ್ಡ ಹೋಟೆಲಿನ ಶೋಕಿ, ಹೋರಾಟಗಾರರಿಗೆ ಯಾಕೆ ಅಂದ್ರು. ಇನ್‌ಬಾಕ್ಸಿಗೆ ಬಂದ ಹೆಣ್ಣುಮಕ್ಕಳು ಮಾತ್ರ ಕೇಳಿದ್ದು ಒಂದೇ: ‘ಅಕ್ಕ, ಹೇಗೆ ಮಾಡೋದು?’

ಇಬ್ಬರಿಗೂ ಸೇರಿಸಿ ಉತ್ತರ ಬರೀತಾ ಇದ್ದೀನಿ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಶುರು ಆಗಿದ್ದು ಶೋಕಿಯಿಂದ ಅಲ್ಲ. ನನ್ನ ಮಗಳು ಸೆಕೆಂಡ್ ಪಿಯುಸಿ ಓದ್ತಿದ್ದಾಳೆ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆ ಪುಸ್ತಕ ಹಿಡಿದರೆ ತಲೆ ಸುತ್ತು. ಓದೋಕೆ ಕಳ್ಳ ಬೀಳ್ತಾಳೆ ಅಂತ ನಾನೇ ಬೈದಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.4. ಅವಳ ವಯಸ್ಸಿಗೆ 12 ಇರಬೇಕು. ಬೈದಿದ್ದಕ್ಕೆ ಆ ರಾತ್ರಿ ನಂಗೆ ನಿದ್ದೆ ಬರಲಿಲ್ಲ.

ನನ್ನ ಮಗಳೊಬ್ಬಳ ಕತೆ ಅಂದುಕೋಬೇಡಿ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಇಬ್ಬರಲ್ಲಿ ಒಬ್ಬಳು ಅಂತ ಇಟ್ಟುಕೊಳ್ಳಿ. ನಮ್ಮ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿರ್ತಾರಲ್ಲ ಹೆಣ್ಣುಮಕ್ಕಳು, ಅವರು ಭಾಷಣ ಬೇಜಾರಾಗಿ ಒರಗಿರೋದು ಅಂತಲೇ ನಾವು ತಿಳ್ಕೊಂಡಿದ್ದೀವಿ.

ಡಾಕ್ಟರು ಮಾತ್ರೆ ಬರೆದುಕೊಟ್ಟು, ‘ಬೀಟ್ರೂಟ್ ತಿನ್ನಿಸಿ, ದಾಳಿಂಬೆ ತಿನ್ನಿಸಿ, ಖರ್ಜೂರ ಕೊಡಿ’ ಅಂದ್ರು. ದಾಳಿಂಬೆ ರೇಟು ಕೇಳಿದರೆ ನಮಗೇ ರಕ್ತ ಹಾಕಿಸಬೇಕು. ಬೀಟ್ರೂಟು ಕಡೂರು ಸಂತೆಯಲ್ಲಿ ಸಿಗುತ್ತೆ, ತಂದೆ, ಪಲ್ಯ ಮಾಡಿದೆ. ಅವಳು ಮುಟ್ಟಲಿಲ್ಲ. ಮಣ್ಣಿನ ವಾಸನೆ ಅಂದ್ಲು. ಆಮೇಲೆ ಮೊಬೈಲಲ್ಲಿ ಯಾವುದೋ ವಿಡಿಯೋ ತೋರಿಸಿ, ‘ಅಮ್ಮ, ಇದಾದ್ರೆ ತಿಂತೀನಿ’ ಅಂದ್ಲು. ಗುಲಾಬಿ ಬಣ್ಣದ ಹಮ್ಮಸ್. ಬೆಂಗಳೂರಲ್ಲಿರೋ ನನ್ನ ಅಕ್ಕನ ಮಗನ್ನ ಕೇಳಿದೆ. ಇನ್ನೂರು ಗ್ರಾಂ ಡಬ್ಬಿಗೆ 150 ರೂಪಾಯಿ ದಾಟುತ್ತೆ ಚಿಕ್ಕಮ್ಮ ಅಂದ. ನನ್ನ ಸಂಬಳ, ಮನೆ ಬಾಡಿಗೆ, ಕೈಸಾಲ ಎಲ್ಲ ನಿಮಗೆ ಗೊತ್ತಿರೋದೇ.

ಏನು ಹಾಕ್ತಾರೆ ಅಂತ ಹುಡುಕಿದೆ. ನಗು ಬಂತು. ಅರಬ್ಬಿಯಲ್ಲಿ ಹಮ್ಮಸ್ ಅಂದ್ರೆ ಕಡಲೆ ಅಂತಲೇ ಅರ್ಥ. ಬೇಯಿಸಿದ ಕಡಲೆ, ಅರೆದ ಎಳ್ಳು, ಬೆಳ್ಳುಳ್ಳಿ, ನಿಂಬೆಹುಳಿ, ಉಪ್ಪು. ಪ್ಯಾಲೆಸ್ಟೈನ್, ಲೆಬನಾನ್, ಸಿರಿಯಾ ಕಡೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗೋರು ರೊಟ್ಟಿ ಜೊತೆ ತಿನ್ನೋ ಊಟ. ಅದಕ್ಕೂ ಜಗಳ ಇದೆ. ಹಮ್ಮಸ್ ನಮ್ಮದು ಅಂತ ಇಸ್ರೇಲಿನೋರು ಅಂದ್ರೆ, ಇಲ್ಲ ನಮ್ಮದು ಅಂತ ಲೆಬನಾನಿನೋರು 2010ರಲ್ಲಿ 10,452 ಕೆ.ಜಿ. ಹಮ್ಮಸ್ ಒಂದೇ ತಟ್ಟೆಯಲ್ಲಿ ಮಾಡಿ ಗಿನ್ನೆಸ್ ದಾಖಲೆ ಮಾಡಿದರು. ಅವರ ದೇಶದ ವಿಸ್ತೀರ್ಣ ಎಷ್ಟು ಚದರ ಕಿಲೋಮೀಟರೋ ಅಷ್ಟು ಕೆ.ಜಿ. ಊಟ ಯಾರದು ಅನ್ನೋ ಪ್ರಶ್ನೆಗೆ ಜನ ಅಷ್ಟು ತಲೆ ಕೆಡಿಸಿಕೊಳ್ತಾರೆ. ನಾವು ಮಾತ್ರ ‘ಮೇಲಿನೋರ ಊಟ’ ಅಂತ ಎರಡೇ ಮಾತಲ್ಲಿ ಬಿಟ್ಟುಕೊಟ್ಟು ಬಿಡ್ತೀವಿ.

ಸರಿ, ಮಾಡೋದು ಹೇಗೆ. ನಾಟಿ ಕಡಲೆ ಕಾಲು ಕೆ.ಜಿ. ರಾತ್ರಿ ನೆನೆಸಿ. ಅಂಗಡಿಯೋರು ಬಿಳಿ ಕಾಬೂಲ್ ಕಡಲೆನೇ ಬೇಕು ಅಂತಾರೆ, ಕೇಳಬೇಡಿ. ನಾಟಿಯದು ರುಚಿ ಜಾಸ್ತಿ, ದುಡ್ಡು ಕಮ್ಮಿ, ಸ್ವಲ್ಪ ತರಿತರಿ ಇರುತ್ತೆ ಅಷ್ಟೇ. ಬೆಳಗ್ಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಕುಕ್ಕರಲ್ಲಿ ಆರೇಳು ಕೂಗು ಕೂಗಿಸಿ. ಬೆರಳಲ್ಲಿ ಒತ್ತಿದರೆ ಬೆಣ್ಣೆ ಥರ ನಜ್ಜಾಗಬೇಕು. ಅದೇ ಕುಕ್ಕರಿನೊಳಗೆ ಮೇಲೊಂದು ಬಟ್ಟಲಿಟ್ಟು ಒಂದು ಸಣ್ಣ ಬೀಟ್ರೂಟು ಸಿಪ್ಪೆ ಸಮೇತ ಬೇಯಿಸಿ, ಗ್ಯಾಸ್ ಉಳಿಯುತ್ತೆ. ಆಮೇಲೆ ಸಿಪ್ಪೆ ಕೈಯಲ್ಲೇ ಬಿಡುತ್ತೆ. ಬೆಂದ ಕಡಲೆಯಲ್ಲಿ ಅರ್ಧ ತೆಗೆದಿಟ್ಟು ಸಾರಿಗೆ ಹಾಕಿ, ಬೆಂದ ನೀರೂ ಸಾರಿಗೇ ಹೋಗ್ಲಿ, ಒಂದು ಲೋಟ ಮಾತ್ರ ಇಟ್ಟುಕೊಳ್ಳಿ.

ತಹೀನಿ ಅಂತ ಒಂದು ಬಾಟಲಿ ಮಾರ್ತಾರೆ, ಬೇಡ. ಬಿಳಿ ಎಳ್ಳು 50 ಗ್ರಾಂ ಸಣ್ಣ ಉರಿಯಲ್ಲಿ ಹುರಿದು, ಬಿಸಿ ಇರುವಾಗಲೇ ಮಿಕ್ಸಿಯ ಸಣ್ಣ ಜಾರಿಗೆ ಹಾಕಿ, ಎರಡು ಚಮಚ ಕಡಲೆಕಾಯಿ ಎಣ್ಣೆ ಬಿಟ್ಟು ಅರೆಯಿರಿ. ಅದೇ ತಹೀನಿ. ಎಳ್ಳು ಜಾಸ್ತಿ ಹುರಿದರೆ ಕಹಿ ಬರುತ್ತೆ, ನಂಗೆ ಮೊದಲ ಸಲ ಬಂತು. ಅದರ ಮೇಲೆ ಕಡಲೆ, ಬೀಟ್ರೂಟು, ನಾಲ್ಕು ಎಸಳು ಬೆಳ್ಳುಳ್ಳಿ, ಹುರಿದ ಜೀರಿಗೆ, ಉಪ್ಪು ಹಾಕಿ ಅರೆದು, ಗಟ್ಟಿ ಆದರೆ ಕಡಲೆ ನೀರು ಬಿಟ್ಕೊಳ್ಳಿ. ಕೊನೆಗೆ ಒಂದು ಪೂರ್ತಿ ನಿಂಬೆಹಣ್ಣು. ನಿಂಬೆಯಲ್ಲಿ ಜಿಪುಣತನ ಮಾಡಬೇಡಿ, ಆ ಮಣ್ಣಿನ ವಾಸನೆ ಹೋಗೋದೇ ಅದರಿಂದ. ಎಳ್ಳು ಬದಲು ಹುಚ್ಚೆಳ್ಳು ಹಾಕಿ ನೋಡಿದೆ. ರುಚಿ ಚೆನ್ನಾಗಿತ್ತು, ಬಣ್ಣ ಮಾತ್ರ ಸಗಣಿ ಸಾರಿಸಿದ ಹಾಗಾಯ್ತು, ಮಗಳು ಓಡಿಹೋದಳು.

ಲೆಕ್ಕ: ಹಮ್ಮಸ್‌ಗೆ ಹೋದ ಅರ್ಧ ಕಡಲೆಗೆ ಹನ್ನೆರಡೂವರೆ, ಎಳ್ಳಿಗೆ 12, ಬೀಟ್ರೂಟಿಗೆ 8, ನಿಂಬೆ 5, ಬೆಳ್ಳುಳ್ಳಿ ಎಣ್ಣೆ ಸೇರಿ ಹತ್ತರ ಒಳಗೆ. ನಾಲ್ಕು ಜನಕ್ಕೆ ಎರಡು ದಿನ ಬಂತು. ಫ್ರಿಜ್ ಇಲ್ಲದಿದ್ದರೆ ಅವತ್ತೇ ಖಾಲಿ ಮಾಡಿ. ಬೀಟ್ರೂಟಿನ ಸೊಪ್ಪು ಬಿಸಾಕಬೇಡಿ, ಸಂತೆಯಲ್ಲಿ ಸೊಪ್ಪು ಕಿತ್ತು ಗುಡ್ಡೆ ಹಾಕಿರ್ತಾರೆ, ಕೇಳಿದರೆ ಪುಕ್ಕಟೆ ಕೊಡ್ತಾರೆ.

ಇನ್ನೊಂದು ಮಾತು, ಹೆಣ್ಣುಮಕ್ಕಳಿಗೆ ಮೊದಲೇ ಹೇಳಿಡಿ. ಮಾರನೇ ದಿನ ಮೂತ್ರ ಕೆಂಪಗೆ ಬರಬಹುದು. ನನ್ನ ಮಗಳು ಬಾತ್‌ರೂಮಿಂದ ಅಳ್ತಾ ಬಂದಳು. ಬೀಟ್ರೂಟಿನ ಬಣ್ಣ ಅಷ್ಟೇ, ಹೆದರೋದು ಬೇಡ. ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿ ಇರೋರಿಗೆ ಹೀಗಾಗೋದು ಹೆಚ್ಚಂತೆ. ಬೀಟ್ರೂಟ್ ತಿನ್ನದೇನೂ ಮೂತ್ರ ಕೆಂಪಗೆ ಬಂದರೆ ಮಾತ್ರ ಡಾಕ್ಟರ ಹತ್ರ ಹೋಗಿ.

ಈಗ ಕಡಲೆ ವಿಚಾರ. ‘ನಮ್ಮ ಊಟ ಅಲ್ಲ’ ಅಂದ ಅಣ್ಣನಿಗೆ ಇದು.

ನಮ್ಮವ್ವನ ತವರು ಅಜ್ಜಂಪುರದ ಕಡೆ. ಆ ಎರೆಹೊಲದಲ್ಲಿ ಈರುಳ್ಳಿ ಕಿತ್ತ ಮೇಲೆ ಹಿಂಗಾರಿಗೆ ಕಡಲೆ ಹಾಕ್ತಿದ್ರು. ಹೊಲ ಬೇರೆಯವರದ್ದು, ಕೈ ನಮ್ಮದು. ಕಡಲೆ ಗಿಡ ಕಿತ್ತವರಿಗೆ ಗೊತ್ತು. ಇಬ್ಬನಿ ಆರೋದ್ರೊಳಗೆ ಕೀಳಬೇಕು, ಬಿಸಿಲು ಏರಿದರೆ ಕಾಯಿ ಉದುರುತ್ತೆ. ಆ ಗಿಡದ ಎಲೆ ಮೇಲೆ ಹುಳಿ ಇರುತ್ತೆ. ರಾತ್ರಿ ಗಿಡದ ಮೇಲೆ ಬಿಳೀ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಬಾಟಲಿಗೆ ತುಂಬಿಡ್ತಾರೆ, ಕಡಲೆ ಹುಳಿ ಅಂತ, ಹೊಟ್ಟೆನೋವಿಗೆ ಒಳ್ಳೆಯದು ಅಂತ. ಹೊಲದ ಯಜಮಾನನಿಗೆ ಅದು ಔಷಧಿ. ನಮ್ಮವ್ವನಿಗೆ ಅದು ಒಡೆದ ಅಂಗೈಗೆ ಬಿದ್ದ ಉರಿ. ಚಳಿಯಲ್ಲಿ ಒಡೆದ ಕೈ, ಕಾಲು, ಅದರ ಮೇಲೆ ಹುಳಿ. ರಾತ್ರಿ ಹರಳೆಣ್ಣೆ ಹಚ್ಚಿಕೊಂಡು ಕೈ ಮೇಲಕ್ಕೆ ಎತ್ತಿ ಮಲಗ್ತಿದ್ದಳು. ನಾನು ಚಿಕ್ಕೋಳು, ಅವ್ವ ನಿದ್ದೆಯಲ್ಲಿ ಯಾರಿಗೋ ಕೈ ಮುಗೀತಾಳೆ ಅಂದ್ಕೊಂಡಿದ್ದೆ.

ಕೂಲಿ ಆದ ಮೇಲೆ ಹಕ್ಕಲು ಆಯೋದು. ಒಕ್ಕಿ ತೂರಿ ಯಜಮಾನ ರಾಶಿ ಮನೆಗೆ ಸಾಗಿಸಿದ ಮೇಲೆ ಬಿರುಕಲ್ಲಿ, ಕಣದ ಅಂಚಲ್ಲಿ ಬಿದ್ದ ಕಾಳು ನಮ್ಮದು. ಸೆರಗು ತುಂಬಾ ಬಂದರೆ ಅವತ್ತು ಹಬ್ಬ. ಆ ಕಡಲೆಯನ್ನ ಅವ್ವ ಬೇಯಿಸಿ, ಒಣಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಒಳಕಲ್ಲಲ್ಲಿ ಅರೆದು ಮುದ್ದೆಗೆ ಕೊಡ್ತಿದ್ದಳು. ಹುಚ್ಚೆಳ್ಳು ಇದ್ದರೆ ಅದೂ ಬೀಳ್ತಿತ್ತು. ಹೇಳಿ ಅಣ್ಣ, ಬೇಯಿಸಿದ ಕಡಲೆ, ಎಳ್ಳು, ಬೆಳ್ಳುಳ್ಳಿ ಅರೆದರೆ ಅದು ಯಾರ ಊಟ? ನಮ್ಮವ್ವನಿಗೆ ಹೆಸರು ಗೊತ್ತಿರಲಿಲ್ಲ, ಅಷ್ಟೇ.

2025-26ರ ಮಾರಾಟದ ಸಾಲಿಗೆ ಕಡಲೆಗೆ ಕೇಂದ್ರ ಸರಕಾರ ಕೊಟ್ಟ ಬೆಂಬಲ ಬೆಲೆ ಕ್ವಿಂಟಾಲ್‌ಗೆ 5,650 ರೂಪಾಯಿ, ಅಂದ್ರೆ ಕೆ.ಜಿ.ಗೆ ಐವತ್ತಾರೂವರೆ. ಅದು ಬೆಳೆದವನಿಗೆ, ಅದೂ ಖರೀದಿ ಕೇಂದ್ರ ತೆರೆದರೆ. ಕಿತ್ತವಳಿಗೆ ಬೆಂಬಲ ಬೆಲೆ ಅನ್ನೋದೇ ಇಲ್ಲ. ರೇಷನ್ನಿನಲ್ಲಿ ಅಕ್ಕಿ ಬಂತು, 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ನಮ್ಮ ಕೇರಿಗಳಲ್ಲಿ ಹೊಟ್ಟೆ ತುಂಬಿತು, ಅದನ್ನ ಯಾರೂ ತೆಗೆದುಹಾಕೋ ಹಾಗಿಲ್ಲ. ಆದರೆ ಹೊಟ್ಟೆ ತುಂಬೋದು ಬೇರೆ, ಮೈಗೆ ರಕ್ತ ಬರೋದು ಬೇರೆ. ಕಾಳು ತಿಂಗಳು ತಿಂಗಳೂ ರೇಷನ್ನಿನಲ್ಲಿ ಬರಬೇಕು, ನಮ್ಮ ಕಡೆ ಬೆಳೆಯೋ ಕಡಲೆನೇ ಬರಲಿ ಅಂತ ನಾವು ಯಾವತ್ತಾದರೂ ಒಂದು ಮನವಿ ಪತ್ರ ಕೊಟ್ಟಿದ್ದೀವಾ? ನಮ್ಮ ಸಂಘಟನೆಯ ಫೈಲು ನಾನೇ ಇಟ್ಟುಕೊಂಡಿದ್ದೀನಿ, ಹುಡುಕಿದೆ. ಜಮೀನು, ಸ್ಮಶಾನ, ಸಮುದಾಯ ಭವನ, ಅಂಬೇಡ್ಕರ್ ಪ್ರತಿಮೆ ಎಲ್ಲ ಇದೆ. ಕಾಳು ಇಲ್ಲ.

ಬೀಟ್ರೂಟಿನ ಬಗ್ಗೆ ಸತ್ಯ ಹೇಳಲೇಬೇಕು. ಬೀಟ್ರೂಟ್ ತಿಂದರೆ ರಕ್ತ ಆಗಲ್ಲ. ಕೆಂಪಗಿದೆ ಅನ್ನೋದೊಂದೇ ಕಾರಣಕ್ಕೆ ಆ ಹೆಸರು ಬಂದಿದೆ. ನೂರು ಗ್ರಾಂ ಬೀಟ್ರೂಟಲ್ಲಿ ಕಬ್ಬಿಣದ ಅಂಶ ಒಂದು ಮಿಲಿಗ್ರಾಮೂ ಇಲ್ಲ. ಅಷ್ಟೇ ತೂಕದ ಒಣ ಕಡಲೆಯಲ್ಲಿ ಸುಮಾರು ಆರು ಮಿಲಿಗ್ರಾಂ ಇದೆ, ಎಳ್ಳಿನಲ್ಲಿ ಅದರ ಎರಡರಷ್ಟು. ಬಡಪಾಯಿ ಕಡಲೆ ಮಣ್ಣಿನ ಬಣ್ಣದ್ದು, ಅದನ್ನ ಯಾರೂ ಹೊಗಳಲ್ಲ. ನಿಂಬೆಹುಳಿ ಆ ಕಬ್ಬಿಣ ಮೈಗೆ ಹತ್ತೋಕೆ ಸಹಾಯ ಮಾಡುತ್ತೆ. ಕಾಫಿ, ಟೀ ಅದನ್ನ ತಡೆಯುತ್ತೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೂತು ಕಾಫಿ ಬಿಡಿ ಅಂತ ಹೇಳೋ ಧೈರ್ಯ ನಂಗಿಲ್ಲ, ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಡಿ ಸಾಕು. ಹಾಗಾಗಿ ನನ್ನ ಮಗಳ ತಟ್ಟೆಯಲ್ಲಿ ಕೆಲಸ ಮಾಡ್ತಿರೋದು ಕಡಲೆ ಮತ್ತು ಎಳ್ಳು. ಬೀಟ್ರೂಟು ಬಣ್ಣಕ್ಕೆ, ಅವಳು ತಿನ್ನಲಿ ಅಂತ.

ಆದರೂ ಆಸ್ಪತ್ರೆಯಲ್ಲಿ, ಶಿಬಿರದಲ್ಲಿ, ಗೋಡೆ ಮೇಲಿನ ಚಾರ್ಟಿನಲ್ಲಿ ನಮಗೆ ಹೇಳೋದು ಬೀಟ್ರೂಟು. ಕುರಿ ಲಿವರ್ ತಿನ್ನಿ ಅನ್ನಲ್ಲ. ಒಣಮೀನು ಅನ್ನಲ್ಲ. ನಮ್ಮವ್ವ ಹಬ್ಬದಲ್ಲಿ ಕುರಿ ಕುಯ್ದಾಗ ರಕ್ತ ಹಿಡಿದು, ಹೆಪ್ಪುಗಟ್ಟಿಸಿ, ಈರುಳ್ಳಿ ಜೊತೆ ಪಲ್ಯ ಮಾಡ್ತಿದ್ದಳು. ಅದರಲ್ಲಿದ್ದಷ್ಟು ಕಬ್ಬಿಣ ಯಾವ ಗೆಡ್ಡೆಯಲ್ಲೂ ಇಲ್ಲ, ಮೈಗೆ ಹತ್ತೋದೂ ಬೇಗ. ಆ ಪಲ್ಯದ ಹೆಸರು ಹೇಳಿದರೆ ಮೂಗು ಮುಚ್ಚಿಕೊಳ್ತಾರೆ, ರಕ್ತದ ಬಣ್ಣದ ಗೆಡ್ಡೆ ತೋರಿಸಿ ರಕ್ತ ಆಗುತ್ತೆ ಅಂತಾರೆ. ಅಗ್ಗದಲ್ಲಿ ಸಿಗ್ತಿದ್ದ ದನದ ಮಾಂಸವನ್ನ 2020ರ ಕಾಯ್ದೆ ತಂದು ನಮ್ಮ ತಟ್ಟೆಯಿಂದ ಎತ್ತಿಟ್ಟರು. ಶಾಲೆ ಮಕ್ಕಳಿಗೆ ಮೊಟ್ಟೆ ಕೊಡೋಕೆ ಎಷ್ಟು ವರ್ಷ ಜಗಳ ಆಯ್ತು ನೆನಪಿದೆಯಲ್ಲ? ಈಗ ಕೊಡ್ತಿದ್ದಾರೆ, ಆದರೆ ಹತ್ತನೇ ಕ್ಲಾಸಿಗೆ ನಿಲ್ಲುತ್ತೆ. ಪಿಯುಸಿಗೆ ಕಾಲಿಟ್ಟ ಕೂಡಲೇ ಹುಡುಗಿಗೆ ಮೊಟ್ಟೆ ಬೇಡವಾ? ಬಾಡು ಎಲ್ಲಿಗೆ ಹೋಯ್ತು ಅಂತ ಕೇಳಿದ ಅಣ್ಣನಿಗೆ ಹೇಳ್ತೀನಿ, ನಮ್ಮ ಮನೆಯಲ್ಲಿ ಬಾಡು ಎಲ್ಲೂ ಹೋಗಿಲ್ಲ, ತಿಂಗಳಿಗೆ ಎರಡು ಸಲ ಬರುತ್ತೆ. ಉಳಿದ ಇಪ್ಪತ್ತೆಂಟು ದಿನಕ್ಕೆ ಏನು ಅಂತ ಯಾವ ಅಣ್ಣನೂ ಕೇಳಿಲ್ಲ. ಯಾಕಂದ್ರೆ ಅದು ಅಡುಗೆಮನೆ ವಿಚಾರ.

ಕಚೇರಿಯಲ್ಲಿ ಆಗಿದ್ದು ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಬರೀತೀನಿ.

ಸೋಮವಾರ ಉಳಿದ ಹಮ್ಮಸ್, ಚಪಾತಿ ಡಬ್ಬಿಗೆ ಹಾಕಿಕೊಂಡು ಹೋದೆ. ಊಟದ ಟೇಬಲ್ಲಿನಲ್ಲಿ ನಾವು ಐದು ಜನ ಕೂರ್ತೀವಿ. ಪ್ರತ್ಯೇಕ ಕೂರಿಸ್ತಾರೆ ಅಂತೆಲ್ಲ ಇಲ್ಲ, ಕಾಲ ಬದಲಾಗಿದೆ. ಎಲ್ಲರೂ ಒಬ್ಬರ ಡಬ್ಬಿಯಿಂದ ಒಬ್ಬರು ತಗೋತಾರೆ. ನನಗೂ ಕೊಡ್ತಾರೆ. ನನ್ನ ಡಬ್ಬಿಗೆ ಮಾತ್ರ ಹನ್ನೊಂದು ವರ್ಷದಲ್ಲಿ ಒಬ್ಬರೂ ಕೈ ಹಾಕಿಲ್ಲ. ಅವತ್ತು ಮುಚ್ಚಳ ತೆಗೆದ ಕೂಡಲೇ ಒಬ್ಬರು, ‘ಏನ್ ಮೇಡಂ ಇದು, ಪಿಂಕ್ ಕಲರು?’ ಅಂದ್ರು. ಹಮ್ಮಸ್ ಅಂದೆ. ‘ಅಯ್ಯೋ, ನನ್ನ ಸೊಸೆ ಬೆಂಗಳೂರಲ್ಲಿ ತರಿಸ್ತಾಳೆ’ ಅಂತ ಚಪಾತಿ ಮುರಿದು ಅದ್ದಿಕೊಂಡರು. ಇನ್ನೊಬ್ಬರೂ ತಗೊಂಡರು. ಚೆನ್ನಾಗಿದೆ, ಹೇಗೆ ಮಾಡಿದ್ರಿ ಅಂತ ಕೇಳಿ ಬರ್ಕೊಂಡರು. ಆಮೇಲೆ ನಗ್ತಾ, ‘ನೀವೂ ವೆಜ್ ಆಗಿಬಿಟ್ರಾ? ಒಳ್ಳೇದಾಯ್ತು ಬಿಡಿ’ ಅಂದ್ರು.

ಸುಳ್ಳು ಯಾಕೆ ಹೇಳಲಿ, ಅವರು ಕೈ ಹಾಕಿದ್ದಕ್ಕೆ ನನಗೆ ಒಂದು ಕ್ಷಣ ಖುಷಿ ಆಯ್ತು. ಆ ಖುಷಿಗೆ ಈಗ ನಾಚಿಕೆ ಆಗುತ್ತೆ.

ಬುಧವಾರ ಬೇಕಂತಲೇ ಕಡಲೆ ಸಾರು ತಗೊಂಡು ಹೋದೆ. ಅದೇ ಕಡಲೆ, ಅದೇ ಕುಕ್ಕರು, ಅದೇ ಕೈ. ಬಾಡು ಇಲ್ಲ, ಮೊಟ್ಟೆ ಇಲ್ಲ, ಅಪ್ಪಟ ವೆಜ್ಜು. ತಗೊಳ್ಳಿ ಅಂತ ನಾನೇ ಡಬ್ಬಿ ಮುಂದೆ ತಳ್ಳಿದೆ. ಒಬ್ಬರಿಗೆ ಹೊಟ್ಟೆ ಸರಿ ಇರಲಿಲ್ಲ. ಒಬ್ಬರಿಗೆ ಗ್ಯಾಸ್ಟ್ರಿಕ್ಕು. ಇನ್ನೊಬ್ಬರು ಫೋನ್ ಬಂತು ಅಂತ ಎದ್ದುಹೋದರು. ಹಮ್ಮಸ್‌ಗೆ ಜಾತಿ ಇರಲಿಲ್ಲ, ಯಾಕಂದ್ರೆ ಅದು ಅವರ ತಲೆಯಲ್ಲಿ ಬೆಂಗಳೂರಿಂದ ಬಂದಿತ್ತು. ಸಾರು ನಮ್ಮ ಕೇರಿಯಿಂದ ಬಂದಿತ್ತು. ನಾನೂ ಏನೂ ಅನ್ನಲಿಲ್ಲ. ಮೈಕ್ ಕೊಟ್ಟರೆ ಅರ್ಧ ಗಂಟೆ ಮಾತಾಡೋಳು, ಡಬ್ಬಿ ಹಿಂದಕ್ಕೆ ಎಳೆದುಕೊಂಡು ಊಟ ಮಾಡಿದೆ. ನಮ್ಮ ತರೀಕೆರೆ ತಾಲೂಕಿನ ಗೇರುಮರಡಿಯಲ್ಲಿ 2024ರ ಜನವರಿಯಲ್ಲಿ ಗೊಲ್ಲರಹಟ್ಟಿಗೆ ಕಾಲಿಟ್ಟ ಅಂತ ನಮ್ಮ ಹುಡುಗನ ಮೇಲೆ ಹಲ್ಲೆ ಮಾಡಿದಾಗ ನಾವೆಲ್ಲ ಸಿಟ್ಟಿಗೆದ್ದೆವು, ಅದಕ್ಕೆ ಕೇಸು ಹಾಕಬಹುದು. ಹೊಟ್ಟೆ ಸರಿ ಇಲ್ಲ ಅನ್ನೋರ ಮೇಲೆ ಯಾವ ಸೆಕ್ಷನ್ ಹಾಕ್ತೀರಿ?

ಬಾಬಾಸಾಹೇಬರ ‘ಜಾತಿ ವಿನಾಶ’ 1936ರದ್ದು. ಅದರಲ್ಲಿ ಜೈಪುರ ಸಂಸ್ಥಾನದ ಚಕ್ವಾರಾ ಅನ್ನೋ ಹಳ್ಳಿಯ ಪ್ರಸಂಗ ಇದೆ. ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನವರಿಗೆ ಊಟ ಹಾಕಿಸ್ತಾನೆ. ಒಳ್ಳೆ ಊಟ ಆಗಬೇಕು ಅಂತ ತುಪ್ಪ ಬಡಿಸ್ತಾನೆ. ಸವರ್ಣೀಯರು ದೊಣ್ಣೆ ಹಿಡಿದು ನುಗ್ಗಿ, ಊಟ ಕೆಡಿಸಿ, ಉಣ್ಣುತ್ತಿದ್ದವರನ್ನ ಬಡಿದು ಓಡಿಸ್ತಾರೆ. ತುಪ್ಪ ಅವನ ದುಡ್ಡಿನದ್ದೇ. ಆದರೆ ತುಪ್ಪ ಮೇಲಿನೋರ ಗುರುತು, ಅದನ್ನ ಇವರು ಮುಟ್ಟಿದ್ದು ಅಹಂಕಾರ ಅಂತ. ಇವತ್ತು ನನ್ನ ತಟ್ಟೆ ನೋಡಿ ‘ಇದು ನಿಮಗ್ಯಾಕೆ’ ಅಂದವರಲ್ಲಿ ದೊಣ್ಣೆ ಹಿಡಿದೋರು ಯಾರೂ ಇರಲಿಲ್ಲ, ಜೈ ಭೀಮ್ ಅನ್ನೋರೇ ಇದ್ದರು. ಅದಕ್ಕೇ ಇಷ್ಟು ಉದ್ದ ಬರೆದೆ. ನಮ್ಮ ಊಟ ಇಷ್ಟೇ, ಇದರ ಆಚೆ ಹೋಗಬೇಡಿ ಅಂತ ಹೊರಗಿನೋರು ಹಾಕಿದ ಗೆರೆ ಸಾಕಾಗಿದೆ, ನಾವೂ ಒಂದು ಹಾಕಿಕೊಳ್ಳೋದು ಬೇಡ. ರಕ್ತದ ಪಲ್ಯನೂ ತಿಂತೀವಿ, ಹಮ್ಮಸ್ಸೂ ತಿಂತೀವಿ. ಯಾವುದರಿಂದ ನಮ್ಮ ಹುಡುಗಿಯರ ಮೈಗೆ ಕಸುವು ಬರುತ್ತೋ ಅದನ್ನ ತಿಂತೀವಿ.

ಮಾತ್ರೆ ನಿಲ್ಲಿಸಬೇಡಿ ಅಂತಲೂ ಇಲ್ಲೇ ಹೇಳಿಬಿಡ್ತೀನಿ. ಕಡಲೆ ಅರೆದು ತಿಂದು 8.4 ಹನ್ನೆರಡಾಗಲ್ಲ. ಸ್ಕೂಲು ಕಾಲೇಜಲ್ಲಿ ಕೊಡೋ ಆ ನೀಲಿ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತೆ, ಮಲ ಕಪ್ಪಗಾಗುತ್ತೆ, ಅದಕ್ಕೆ ಹೆದರಿ ಹುಡುಗಿಯರು ಕಿಟಕಿಯಿಂದ ಆಚೆ ಎಸೀತಾರೆ. ನನ್ನ ಮಗಳೂ ಎಸೆದಿದ್ದಳಂತೆ, ಈಗ ಒಪ್ಪಿಕೊಂಡಳು. ಈಗ ಊಟ ಆದ ಮೇಲೆ ನನ್ನ ಎದುರೇ ನುಂಗಿಸ್ತೀನಿ.

ಬರೋ ಭಾನುವಾರ ತರೀಕೆರೆಯಲ್ಲಿ ನಮ್ಮಕ್ಕನ ಮನೆ ಅಂಗಳದಲ್ಲಿ ಸೇರ್ತಾ ಇದ್ದೀವಿ, ಬೆಳಗ್ಗೆ ಹನ್ನೊಂದಕ್ಕೆ. ಎರಡು ಕೆ.ಜಿ. ಕಡಲೆ ನಾನು ನೆನೆಸಿ ತರ್ತೀನಿ, ಬೀಟ್ರೂಟು ಅಕ್ಕ ತರ್ತಾಳೆ. ಕರೆಂಟು ನಂಬೋ ಹಾಗಿಲ್ಲ, ಒಳಕಲ್ಲು ಇದೆ. ರೇಷನ್ನಿನಲ್ಲಿ ಕಡಲೆ, ಪಿಯುಸಿ ಹುಡುಗಿಯರಿಗೆ ಮೊಟ್ಟೆ, ಎರಡಕ್ಕೂ ಸೇರಿಸಿ ಮನವಿ ಪತ್ರ ಬರೆದಿಟ್ಟಿದ್ದೀನಿ, ಬಂದವರು ಸಹಿ ಹಾಕಬೇಕು. ಬಾಡು ಎಲ್ಲಿ ಅಂತ ಕೇಳಿದ ಅಣ್ಣನೂ ಬರಬೇಕು, ಬರುವಾಗ ಅರ್ಧ ಕೆ.ಜಿ. ಲಿವರ್ ತರಲಿ. ಅರೆಯೋ ಕೆಲಸ ಅಣ್ಣಂದಿರದ್ದು.

ಮಗಳಿಗೆ ಮುಂದಿನ ತಿಂಗಳು ಮತ್ತೆ ರಕ್ತ ಪರೀಕ್ಷೆ ಇದೆ. ಎಷ್ಟು ಬಂತು ಅಂತ ಇಲ್ಲೇ ಹಾಕ್ತೀನಿ.